ಆಕ್ಟೇವಿಯಾ 1.8 ಟರ್ಬೊ: ಹೊರಗಿನ ಬ್ಲೋ-ಆಫ್ ವಾಲ್ವ್ ಸರಿಯಾಗಿ ಕೂತೈತೋ ಇಲ್ಲೋ ಹೆಂಗ ನೋಡೂದು?

ಧಾರವಾಡ_ಬೂಸ್ಟ್:
ಸ್ಕೋಡಾ ಆಕ್ಟೇವಿಯಾ 1.8 ಟರ್ಬೊ ಪೆಟ್ರೋಲ್. ಆಕ್ಸಿಲರೇಟರ್ ಬಿಟ್ಟಾಗ ಟರ್ಬೊದ ಹೆಚ್ಚಿನ ಗಾಳಿ ವಾಪಸ್ ಒಳಗ ಬಿಡೂ ಕಂಪನಿ ಡೈವರ್ಟರ್ ವಾಲ್ವಿನ ಡಯಾಫ್ರಾಮ್ ಹರದಿತ್ತು. ಆ ಜಾಗಾಕ್ಕ 25 ಎಂಎಂ ಬಾಯಿಯ ಪಿಸ್ಟನ್ ವಾಲ್ವ್ ಕೂಡ್ಸೇನಿ, ಗಾಳಿ ಹೊರಗ ಬಿಡೂದು. ಈಗ ಮೂರು ತಕರಾರು. ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿದ್ರ ಇಂಜಿನ್ ಬಂದ್ ಬೀಳ್ತೈತಿ. ಬೈಪಾಸ್‌ನ್ಯಾಗ ಮೂರನೇ ಗೇರಿನ್ಯಾಗ ಎಳದ್ರ ಸುಯ್ ಅಂತ ಸೋರ್ತೈತಿ. ಅರ್ಧ ಆಕ್ಸಿಲರೇಟರಿನಿಂದ ಕಾಲು ತಗದ್ರ ಟುಟುಟು ಸಪ್ಪಳ. ಟರ್ಬೊ ಬಾಯಿಂದ 0.7 ಬಾರ್ ಗಾಳಿ ಕೊಟ್ಟು ನೋಡಿದ್ರ ವಾಲ್ವಿನಿಂದನ ಗಾಳಿ ಹೊಂಟೈತಿ. ವಾಲ್ವ್ ಬದ್ಲಿ ಮಾಡ್ಬೇಕೇನ್ರಿ?

ಗೋಕುಲ್ ರೋಡ್ ಪಾನಾ:
ಇಷ್ಟಕ್ಕ ವಾಲ್ವ್ ಬದ್ಲಿ ಮಾಡಬ್ಯಾಡ್ರಿ, ಆ ಟೆಸ್ಟ್ ನಂಬೂ ಹಂಗಿಲ್ಲ. ಇಂಜಿನ್ ಬಂದ್ ಇದ್ದಾಗ ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡೂ ಕವಾಟ) ಮುಚ್ಚಿರ್ತದ. ನೀವು ಕೊಟ್ಟ ಗಾಳಿ ಪಿಸ್ಟನ್ನಿನ ಕೆಳಗ ಮಾತ್ರ ಬರ್ತದ, ಥ್ರಾಟಲ್ ಆಚೆಯಿಂದ ಒತ್ತಡ ತಗೊಳ್ಳೂ ಮ್ಯಾಲಿನ ಕೋಣೆಗೆ ಹೋಗೂದಿಲ್ಲ. ಬರೇ ಸ್ಪ್ರಿಂಗ್ 0.7 ಬಾರ್ ತಡಿಲಾರದಕ್ಕ ಒಳ್ಳೆ ವಾಲ್ವೂ ತೆರಕೋತದ. ಗಾಡಿ ಎಳಿಯೂವಾಗ ಎರಡೂ ಕಡೆ ಅಷ್ಟಷ್ಟ ಒತ್ತಡ ಇರ್ತದ, ಸ್ಪ್ರಿಂಗ್ ಅದನ್ನ ಮುಚ್ಚಿ ಹಿಡೀತದ.

ಟೆಸ್ಟ್ ಗಾಳಿ ಪೈಪಿಗೆ ಟೀ (ಮೂರು ಬಾಯಿಯ ಜೋಡಣಿ) ಹಾಕಿ, ಅದೇ ಒತ್ತಡ ವಾಲ್ವಿನ ನೆತ್ತಿಯ ನಿಪ್ಪಲ್‌ಗೂ ಕೊಡ್ರಿ. ಸೋಪಿನ ನೀರು ಹಚ್ಚಿ ನೋಡ್ರಿ. ಸೋರೂದು ನಿಂತ್ರ ವಾಲ್ವ್ ಸರಿ ಅದ. ಬಾಯಿಂದ ಇನ್ನೂ ಬಂದ್ರ ಸೀಟ್ ಇಲ್ಲಾ ಓ-ರಿಂಗ್ ಕೆಟ್ಟದ. ಹೋಸ್ ತುದಿಗೆ ಗುಳ್ಳಿ ಬಂದ್ರ ಕ್ಲಾಂಪ್ ಪೈಪಿನ ಉಬ್ಬಿನ ಮ್ಯಾಲೆ ಕೂತದ ಅಂತ ತಿಳೀರಿ, ಅದು ಉಬ್ಬು ದಾಟಿ ಒಳಗ ಕೂಡಬೇಕು. ರೆಗ್ಯುಲೇಟರ್ ಇಲ್ಲದ ಕಂಪ್ರೆಸರ್ ಮಾತ್ರ ಹಚ್ಚಬ್ಯಾಡ್ರಿ, ಸೀಲ್‌ಗಳು ಹೋಗ್ತಾವ.

ಸುಯ್ ಮತ್ತ ಟುಟುಟು ಎರಡೂ ಕೂಡಿ ಬಂದಾವ ಅಂದ್ರ ನನ್ನ ಅನುಮಾನ ಪೂರಾ ಸಿಗ್ನಲ್ ಹೋಸ್ ಮ್ಯಾಲೆ, ಅಂದ್ರ ವಾಲ್ವಿನ ನೆತ್ತಿಗೆ ಒತ್ತಡ, ವ್ಯಾಕ್ಯೂಮ್ ಒಯ್ಯೂ ಸಣ್ಣ ಪೈಪು. ಬರೇ ಸ್ಪ್ರಿಂಗ್ ಸಡ್ಲಿದ್ರ ಸುಯ್ ಒಂದ ಬರ್ತಿತ್ತು, ಬಿಗಿ ಇದ್ರ ಟುಟುಟು ಒಂದ. ಹೋಸ್ ಸೀಳಿದ್ರ, ಮಡಚಿದ್ರ, ಇಲ್ಲಾ ಸಣ್ಣದಾದ್ರ ಒತ್ತಡಾನೂ ತಡಾಗಿ ಬರ್ತದ, ವ್ಯಾಕ್ಯೂಮೂ ತಡಾಗಿ ಬರ್ತದ.

ಎರಿಮಣ್ಣು:
ಸಿಗ್ನಲ್ ಎಲ್ಲಿಂದ ತೆಗೆದಿದ್ದೀರಿ ಅನ್ನೋದನ್ನೂ ನೋಡಿ. ಥ್ರಾಟಲ್ ದಾಟಿದ ಮೇಲೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಿಂದಲೇ ತೆಗೆಯಬೇಕು. ಬ್ರೇಕ್ ಬೂಸ್ಟರ್ ಪೈಪಿನ ಒನ್‌-ವೇ ವಾಲ್ವ್ ಆಚೆ ಟೀ ಹಾಕಿದರೆ ಅಲ್ಲಿಗೆ ಬೂಸ್ಟ್ (ಟರ್ಬೊ ಒತ್ತಡ) ಬರುವುದೇ ಇಲ್ಲ, ವ್ಯಾಕ್ಯೂಮ್ ಒಳಗೇ ಉಳಿದು ಪಿಸ್ಟನ್ ಪೂರ್ತಿ ಮುಚ್ಚುವುದಿಲ್ಲ. ಬ್ರೇಕಿನ ಪೈಪಿಗೆ ಕೈ ಹಾಕದಿರುವುದೇ ಒಳ್ಳೆಯದು. ಈ ಇಂಜಿನ್ನಿನಲ್ಲಿ ಎನ್249 ಸೊಲೆನಾಯ್ಡ್ (ಡೈವರ್ಟರ್ ವಾಲ್ವಿನ ಸಿಗ್ನಲ್ ನಿಯಂತ್ರಿಸುವ ವಿದ್ಯುತ್ ವಾಲ್ವ್) ಇದ್ದರೆ ಅದರ ಹಳೆಯ ಹೋಸುಗಳು ಬಿರುಕು ಬಿಟ್ಟಿರಬಹುದು. ಪರೀಕ್ಷೆಗೆ ಅದನ್ನು ಬಿಟ್ಟು ನೇರ ಹೋಸ್ ಎಳೆಯಿರಿ, ಪ್ಲಗ್ ಮಾತ್ರ ಕೀಳಬೇಡಿ, ಫಾಲ್ಟ್ ಕೋಡ್ ಬರುತ್ತದೆ.

ಇಂಜಿನ್ ಬಂದ್ ಬೀಳುವುದಕ್ಕೆ ಕಾರಣವೇ ಬೇರೆ. ಒಳಗೆ ಬರುವ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಅಳೆದ ಗಾಳಿಯನ್ನು ನೀವು ಹೊರಗೆ ಬಿಡುತ್ತಿದ್ದೀರಿ, ಇಸಿಯು (ಇಂಜಿನ್ ಕಂಪ್ಯೂಟರ್) ಆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಹಾಕುತ್ತದೆ, ಮಿಶ್ರಣ ದಪ್ಪವಾಗುತ್ತದೆ. ಸ್ಪ್ರಿಂಗ್ ಎಷ್ಟು ತಿರುಗಿಸಿದರೂ ಇದು ಹೋಗುವುದಿಲ್ಲ. ವಾಲ್ವಿನ ಹೊರಬಾಯಿಯನ್ನು ಎಂಎಎಫ್ ಮತ್ತು ಟರ್ಬೊ ನಡುವಿನ ಪೈಪಿಗೆ, ಕಂಪನಿ ವಾಲ್ವ್ ಇದ್ದ ಹಾಗೆಯೇ, 25 ಎಂಎಂ ಹೋಸಿನಿಂದ ವಾಪಸ್ ಜೋಡಿಸಿ. ಸಾದಾ ಸಿಲಿಕಾನ್ ಹೋಸ್ ಬೇಡ, ಎಣ್ಣೆಯ ಆವಿಗೆ ಮೆತ್ತಗಾಗುತ್ತದೆ.

ಇನ್ನೊಂದು ಮಾತು: ಐಡಲ್‌ನಲ್ಲಿ ಪಿಸ್ಟನ್ ತೆರೆದಿದ್ದರೆ ಹೊರಬಾಯಿಯಿಂದ ಫಿಲ್ಟರ್ ಆಗದ ಗಾಳಿ ಒಳಗೆ ಹೋಗುತ್ತದೆ. ನವಲಗುಂದದ ಕಡೆಯ ಎರಿ ಧೂಳಿನಲ್ಲಿ ಓಡುವ ಗಾಡಿಗೆ ಇದು ನಿಜವಾಗಿಯೂ ಹಾನಿ.

ಧಾರವಾಡ_ಬೂಸ್ಟ್:
ಸಿಗ್ನಲ್ ಹೋಸ್ 3 ಎಂಎಂ, ಉದ್ದ ಸುಮಾರು ಒಂದು ಮೀಟರ್. ಸ್ಪ್ರಿಂಗ್ ಎಷ್ಟಕ್ಕ ಇಡ್ಲಿ?

ಗೋಕುಲ್ ರೋಡ್ ಪಾನಾ:
ಅಲ್ಲೇ ಅದ ನೋಡ್ರಿ. 5–6 ಎಂಎಂ ಒಳ ಅಳತಿ, ಗೋಡೆ ದಪ್ಪ ಇರೂ ಹೋಸ್, ಆದಷ್ಟು ಗಿಡ್ಡ. ಬ್ಯಾರೆ ಯಾವುದಕ್ಕೂ ಟೀ ಹೊಡಿಬ್ಯಾಡ್ರಿ. ಅದಾದ ಮ್ಯಾಲೆ ಗೇಜ್ ಹಚ್ಚಿ ಐಡಲ್ ವ್ಯಾಕ್ಯೂಮ್ ನೋಡ್ರಿ. ಪುಸ್ತಕದ ಅಂಕಿ ಸಮುದ್ರಮಟ್ಟದ್ದು, ಹುಬ್ಬಳ್ಳಿ-ಧಾರವಾಡದ ಎತ್ತರಕ್ಕ ಸುಮಾರು 2 ಇಂಚು (ಪಾದರಸದ ಅಳತಿ) ಕಡಿಮಿ ತೋರಸ್ತದ. 19 ಅಂತ ಬರದಿದ್ರ ಇಲ್ಲಿ 17 ಬರೂದು ಸಹಜ. ಹ್ಯಾಂಡ್ ಪಂಪಿನಿಂದ ಅಷ್ಟ ವ್ಯಾಕ್ಯೂಮ್ ನಿಪ್ಪಲ್‌ಗೆ ಕೊಟ್ಟು, ಪಿಸ್ಟನ್ ಆಗಷ್ಟ ಮುಚ್ಚಿ ಕೂಡೂತನಕ ಸ್ಪ್ರಿಂಗ್ ಬಿಗೀರಿ, ಅದಕ್ಕಿಂತ ಒಂದು ಸುತ್ತೂ ಹೆಚ್ಚು ಬ್ಯಾಡ. ಟುಟುಟು ಉಳದ್ರ ಅರ್ಧರ್ಧ ಸುತ್ತು ಸಡ್ಲಿಸ್ರಿ.