ನಾಕ್ಸೋಸ್ ದ್ವೀಪದಲ್ಲಿ ಹತ್ತು ದಿನ ಸ್ವಂತ ಅಡುಗೆ: ಅಲ್ಲೇನು ಸಿಗುತ್ತೆ, ಇಲ್ಲಿಂದ ಏನು ಒಯ್ಯಬೇಕು?

ಹಿತ್ತಲಗಿಡ ಕೇಳಿದ್ದು:

2026ರ ಆಗಸ್ಟ್ 8ರ ಶನಿವಾರ ಸಂಜೆ ಗ್ರೀಸಿನ ನಾಕ್ಸೋಸ್ ತಲುಪಿ 18ರವರೆಗೆ ಅಲ್ಲೇ ಇರುತ್ತೇವೆ. ಐದು ಜನ: ನಾವಿಬ್ಬರು, ಎರಡು ಮಕ್ಕಳು, ಅತ್ತೆ. ಎಲ್ಲರೂ ಸಸ್ಯಾಹಾರಿಗಳು, ಅತ್ತೆ ಮೊಟ್ಟೆಯನ್ನೂ ಮುಟ್ಟಲ್ಲ. ಮನೆ ಅಗಿಯಾ ಅನ್ನಾ ಬೀಚ್ ಹತ್ತಿರ. ಅಡುಗೆಮನೆಯಲ್ಲಿ ಎರಡು ಕರೆಂಟ್ ಒಲೆ ಮತ್ತು ಚಿಕ್ಕ ಫ್ರಿಜ್ ಮಾತ್ರ. ಬೆಂಗಳೂರಿಂದ ಅಕ್ಕಿ, ಬೇಳೆ ಹೊತ್ತುಕೊಂಡು ಹೋಗಬೇಕಾ? ತುಪ್ಪ, ಕರಿಬೇವು ಒಯ್ಯಬಹುದಾ? ಮಧ್ಯಾಹ್ನ ಅನ್ನ-ಸಾರು, ರಾತ್ರಿ ಚಪಾತಿ ಅಥವಾ ಉಪ್ಪಿಟ್ಟು, ಮೊಸರನ್ನ ಇಷ್ಟಾದರೆ ಸಾಕು. ಕಾರು ಬಾಡಿಗೆಗೆ ತಗೊಳಲ್ಲ.

ಉಪ್ಪುಸಾರು ಉತ್ತರ:

ಮೊದಲು ಸೂಟ್‌ಕೇಸಿನ ವಿಷಯ. ತುಪ್ಪ ಬೇಡ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ ಏನನ್ನೂ ತರುವಂತಿಲ್ಲ, ಅಂದರೆ ತುಪ್ಪ, ಪೇಡ, ಖೋವಾ ಎಲ್ಲ ಬಿಟ್ಟುಹೋಗಬೇಕು. ಹಸಿ ಕರಿಬೇವು, ಹಸಿಮೆಣಸು, ನಿಂಬೆಹಣ್ಣು ಕೂಡ ಬೇಡ. ತಾಜಾ ಸೊಪ್ಪು ತರಕಾರಿಗೆ 2019ರ ಡಿಸೆಂಬರ್‌ನಿಂದ ಸಸ್ಯಾರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಒಯ್ಯಬೇಕಾದ್ದು ಅಲ್ಲಿ ಸಿಗದ್ದು ಮಾತ್ರ: ಸಾರಿನ ಪುಡಿ 200 ಗ್ರಾಂ, ಹುಣಸೆಹಣ್ಣು 150 ಗ್ರಾಂ, ಇಂಗು, ಸಾಸಿವೆ, ಉದ್ದಿನಬೇಳೆ ಒಂದು ಹಿಡಿ, ಒಣ ಕರಿಬೇವು, ಉಪ್ಪಿನಕಾಯಿ. ಇಂಗಿನ ಡಬ್ಬಿಯನ್ನು ಎರಡು ಜಿಪ್ ಕವರಿನೊಳಗೆ ಹಾಕಿ, ಇಲ್ಲದಿದ್ದರೆ ಬಟ್ಟೆಯೆಲ್ಲ ಘಮಘಮ.

ಅಕ್ಕಿ, ಬೇಳೆ, ಹಿಟ್ಟು, ಎಣ್ಣೆ ಅಲ್ಲೇ ಕೊಳ್ಳಿ. ಗೊಂದಲ ಆಗುವುದು ಪ್ಯಾಕೆಟ್ ಮೇಲಿನ ಚೀಟಿಯ ಗ್ರೀಕ್ ಹೆಸರುಗಳಲ್ಲಿ.

ಅಕ್ಕಿ: ‘ಗ್ಲಾಸೆ’ ಅಂದರೆ ಗುಂಡು ಅಕ್ಕಿ, ಮುದ್ದೆಯಾಗುತ್ತೆ. ಸಾರಿಗೆ ಆಗಲ್ಲ, ಮೊಸರನ್ನಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯದಿಲ್ಲ. ‘ನಿಹಾಕಿ’ ಉದ್ದಕ್ಕಿ, ಉದುರಾಗುತ್ತೆ, ಒಂದಕ್ಕೆ ಎರಡು ನೀರು. ನಡುವಿನದು ‘ಕರೋಲಿನಾ’, ಅನ್ನ-ಸಾರಿಗೆ ನಮ್ಮ ಬಾಯಿಗೆ ಹೊಂದುವುದು ಅದೇ. ಮೊದಲು ಅರ್ಧ ಕಿಲೋ ಪ್ಯಾಕೆಟ್ ತಂದು ನೋಡಿ. ದಿನಕ್ಕೊಂದು ಹೊತ್ತು ಅನ್ನ ಅಂದರೆ ಐದು ಜನಕ್ಕೆ ಹತ್ತು ದಿನಕ್ಕೆ ಮೂರೂವರೆ ಕಿಲೋ ಸಾಕು.

ಬೇಳೆ: ತೊಗರಿ ಸಿಗಲ್ಲ. ‘ಫಾವಾ’ ಅಂತ ಬರೆದಿರುವ ಹಳದಿ ಬೇಳೆ ತಗೊಳ್ಳಿ, ಸಾಮಾನ್ಯ ಪ್ಯಾಕೆಟ್‌ನಲ್ಲಿರುವುದು ಒಡೆದ ಬಟಾಣಿ. 250 ಗ್ರಾಂಗೆ ಒಂದು ಲೀಟರ್ ನೀರು, ನೊರೆ ತೆಗೆಯುತ್ತಾ 45 ನಿಮಿಷ ಬೇಯಿಸಿದರೆ ತಾನೇ ಕರಗುತ್ತೆ. ಪಕ್ಕದಲ್ಲೇ ಮೂರುನಾಲ್ಕು ಪಟ್ಟು ಬೆಲೆಗೆ ‘ಫಾವಾ ಸಾಂತೊರಿನಿಸ್’ ಇರುತ್ತೆ. ಅದು ಸಾಂತೊರಿನಿ ದ್ವೀಪದ ಬೇರೆಯೇ ಬೆಳೆ, ನಮ್ಮ ಕೇಸರಿಬೇಳೆಯ ದಾಯಾದಿ. ಸಾರಿಗೆ ಅಷ್ಟು ದುಡ್ಡು ಸುರಿಯಬೇಡಿ. ಅವಸರಕ್ಕೆ ‘ಕೊಕಿನೆಸ್ ಫಾಕೆಸ್’, ಅಂದರೆ ಮಸೂರ್ ಬೇಳೆ, 15 ನಿಮಿಷ. ‘ಮಾವ್ರೊಮಾತಿಕಾ’ ಅಂದರೆ ಅಲಸಂದೆ ಕಾಳು, ನೆನೆಸದಿದ್ದರೂ 40 ನಿಮಿಷದಲ್ಲಿ ಬೇಯುತ್ತೆ.

ಹಿಟ್ಟು: ‘ಫಾರಿನಾಪ್’ ಅಂತ ಇದ್ದರೆ ಮುಟ್ಟಬೇಡಿ. ಅದರಲ್ಲಿ ಬೇಕಿಂಗ್ ಪೌಡರ್ ಮೊದಲೇ ಬೆರೆಸಿರುತ್ತಾರೆ, ಚಪಾತಿ ದಪ್ಪ ಬಿಸ್ಕತ್ತಾಗುತ್ತೆ. ‘ಒಲಿಕಿಸ್’ ಅಂದರೆ ಪೂರ್ತಿ ಗೋಧಿ, ಆದರೆ ಬೂಸಾ ದಪ್ಪ, ಲಟ್ಟಿಸುವಾಗ ಅಂಚು ಒಡೆಯುತ್ತೆ. ಅರ್ಧ ಒಲಿಕಿಸ್, ಅರ್ಧ ಸಾದಾ ಹಿಟ್ಟು ಬೆರೆಸಿ, ಬಿಸಿನೀರಲ್ಲಿ ಕಲಸಿ ಅರ್ಧ ಗಂಟೆ ಬಿಡಿ. ಲಟ್ಟಣಿಗೆ ಬದಲು ಗಾಜಿನ ಬಾಟಲಿ ಸಾಕು.

ರವೆ: ‘ಸಿಮಿಗ್ದಾಲಿ’. ಅದರಲ್ಲಿ ‘ಹೊಂಡ್ರೊ’ ದಪ್ಪ, ‘ಪ್ಸಿಲೊ’ ಸಣ್ಣ. ಉಪ್ಪಿಟ್ಟಿಗೆ ಹೊಂಡ್ರೊ. ಗಟ್ಟಿ ಗೋಧಿಯ ರವೆಯಾದ್ದರಿಂದ ನೀರು ಜಾಸ್ತಿ ಕುಡಿಯುತ್ತೆ, ಒಂದು ಲೋಟಕ್ಕೆ ಮೂರು ಲೋಟ ಹಾಕಿ.

ಕೆನೆಮೊಸರು ಉತ್ತರ:

ಹಾಲು ಮೊಸರಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಜನ ಎಡವುವುದು ಅಲ್ಲೇ.

‘ಗಾಲಾ’ ಅಂದರೆ ಹಾಲು, ‘ಪ್ಲಿರೆಸ್’ ಅಂದರೆ ಕೆನೆಸಹಿತ, 3.5% ಕೊಬ್ಬು. ‘ಕ್ಸಿನೋಗಾಲಾ’ ಅಂತಿದ್ದರೆ ಹುಳಿ ಹಾಲು, ಹಾಲಿನ ಡಬ್ಬದ ಪಕ್ಕದಲ್ಲೇ ಕೂತಿರುತ್ತೆ. ಕಾಫಿಗೆ ಹಾಕಿದರೆ ಒಡೆಯುತ್ತೆ, ಮಜ್ಜಿಗೆಗೆ ಚೆನ್ನ. ‘ಎವಾಪೊರೆ’ ಅಂದರೆ ಬತ್ತಿಸಿದ ಹಾಲು. ಫಿಲ್ಟರ್ ಕಾಫಿ ಡಿಕಾಕ್ಷನ್‌ಗೆ ಸೊಗಸು, ಮಕ್ಕಳಿಗೆ ಕುಡಿಯಲು ಕೊಡುವಂಥದ್ದಲ್ಲ.

ಮೊಸರಿನಲ್ಲಿ ‘ಸ್ಟ್ರಾಂಗಿಸ್ತೊ’ ಅಂದರೆ ನೀರು ಸೋಸಿದ್ದು, ಶ್ರೀಖಂಡದಷ್ಟು ಗಟ್ಟಿ. ನೇರ ಅನ್ನಕ್ಕೆ ಕಲಸಿದರೆ ಗಂಟಲಿಗೆ ಅಂಟುತ್ತೆ. 200 ಗ್ರಾಂಗೆ 200 ಮಿಲಿ ಹಾಲು ಸೇರಿಸಿ ಕಡೆದುಕೊಳ್ಳಿ. ಮಣ್ಣಿನ ಕುಡಿಕೆಯಲ್ಲಿ ಮೇಲೆ ಕೆನೆಪದರ ಇರುವುದು ‘ಪ್ರೊವಿಯೊ’, ಕುರಿ ಹಾಲಿನದು. ರುಚಿ ಇದೆ, ವಾಸನೆ ಎಲ್ಲರಿಗೂ ಆಗಲ್ಲ. ಹಸುವಿನದಕ್ಕೆ ‘ಆಗೆಲಾದೊಸ್’ ಅಂತ ಇರಬೇಕು. ಹತ್ತು ದಿನಕ್ಕೆ ಮನೆಯಲ್ಲೇ ಹೆಪ್ಪು ಹಾಕುವುದು ಸುಲಭ: ಒಂದು ಲೀಟರ್ ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಮೊಸರು. ಆಗಸ್ಟ್ ರಾತ್ರಿಯ ಸೆಖೆಗೆ ಬೆಳಗಾಗುವಷ್ಟರಲ್ಲಿ ಕಲ್ಲಿನಂತೆ ಕೂತಿರುತ್ತೆ.

ತುಪ್ಪಕ್ಕೆ: 250 ಗ್ರಾಂ ಉಪ್ಪಿಲ್ಲದ ಬೆಣ್ಣೆ (‘ವೂತಿರೊ ಆನಾಲಾತೊ’) ಸಣ್ಣ ಉರಿಯಲ್ಲಿ ಕಾಲು ಗಂಟೆ. ಕರೆಂಟ್ ಒಲೆ ಆರಿಸಿದ ಮೇಲೂ ಕಾವು ಉಳಿಸಿಕೊಳ್ಳುತ್ತೆ, ಹಾಗಾಗಿ ಬಣ್ಣ ತಿರುಗುವ ಮೊದಲೇ ಪಾತ್ರೆ ಇಳಿಸಿ. ಒಗ್ಗರಣೆಗೂ ಇದೇ ಮಾತು, ಒಲೆಯ ಮೇಲೇ ಬಿಟ್ಟರೆ ಸಾಸಿವೆ ಸಿಡಿದ ಮರುಕ್ಷಣ ಕರಕಲು.

ಚೀಸ್: ನಾಕ್ಸೋಸ್‌ನ ಗ್ರಾವಿಯೆರಾ ಹಸುವಿನ ಹಾಲು ಹೆಚ್ಚಿರುವ ಚೀಸ್, ಮಕ್ಕಳಿಗೆ ಹಿಡಿಸುತ್ತೆ. ಆದರೆ ಫೆಟಾ, ಗ್ರಾವಿಯೆರಾ ಎರಡನ್ನೂ ಸಾಂಪ್ರದಾಯಿಕವಾಗಿ ಹೆಪ್ಪುಗಟ್ಟಿಸುವುದು ‘ಪಿತಿಯಾ’ದಿಂದ, ಅಂದರೆ ಕರು ಅಥವಾ ಕುರಿಮರಿಯ ಜಠರದ ರಸದಿಂದ. ಯಾವ ಪಿತಿಯಾ ಅಂತ ಚೀಟಿಯಲ್ಲಿ ಸಾಮಾನ್ಯವಾಗಿ ಬರೆದಿರಲ್ಲ. ಅತ್ತೆಯವರಿಗೆ ಇದು ಮುಖ್ಯವಾದರೆ ಮೊದಲೇ ತಿಳಿಸಿಬಿಡಿ.

ಇನ್ನೊಂದು ಪದ ಬಾಯಿಪಾಠ ಮಾಡಿ: ‘ನಿಸ್ತೀಸಿಮೊ’, ಅಂದರೆ ಉಪವಾಸದ್ದು. ಆಗಸ್ಟ್ 1ರಿಂದ 14ರವರೆಗೆ ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸ. ಬೇಕರಿಗಳಲ್ಲಿ (‘ಫೂರ್ನೊಸ್’) ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ತಿನಿಸು ಆಗ ಹೆಚ್ಚು. ಒಂದೇ ಎಚ್ಚರಿಕೆ: ಆ ಉಪವಾಸಕ್ಕೆ ಸಿಗಡಿ, ಆಕ್ಟೋಪಸ್ ನಡೆಯುತ್ತೆ! ನಿಸ್ತೀಸಿಮೊ ಅಂತಿರುವ ಪಾಲಕ್ ಪೈ, ಎಳ್ಳಿನ ಬ್ರೆಡ್ಡಿಗೆ ತೊಂದರೆ ಇಲ್ಲ, ಹೂರಣ ಏನೆಂದು ತಿಳಿಯದ್ದನ್ನು ಕೇಳಿ ತಗೊಳ್ಳಿ.

ಸಂತೆಚೀಲ ಉತ್ತರ:

ದಿನಗಳ ಲೆಕ್ಕ ಸರಿಯಾಗಿ ಹಾಕಿ. ನೀವು ಇಳಿಯುವುದು ಶನಿವಾರ, ಮಾರನೇ ದಿನ ಭಾನುವಾರ. ಪ್ರವಾಸಿ ಊರುಗಳಲ್ಲಿ ಬೇಸಿಗೆಯ ಭಾನುವಾರ ತೆರೆಯಲು ಅನುಮತಿ ಇದೆ, ಹಾಗಂತ ಎಲ್ಲರೂ ತೆರೆಯಲ್ಲ. ಸೂಪರ್‌ಮಾರ್ಕೆಟ್‌ಗಳು ಶನಿವಾರ ವಾರದ ದಿನಕ್ಕಿಂತ ಬೇಗ, ಸುಮಾರು 8ಕ್ಕೆ ಮುಚ್ಚುತ್ತವೆ. ಹಾಗಾಗಿ ಮೊದಲ ರಾತ್ರಿಗೆ ಬೀಚ್ ಪಕ್ಕದ ಮಿನಿ ಮಾರ್ಕೆಟ್‌ನಲ್ಲಿ ಹಾಲು, ಬ್ರೆಡ್, ನೀರು, ಅರ್ಧ ಕಿಲೋ ಅಕ್ಕಿ ಮಾತ್ರ ತಗೊಳ್ಳಿ. ಅಲ್ಲಿ ಬೆಲೆ ಜಾಸ್ತಿ, ಆದರೆ ತಡರಾತ್ರಿವರೆಗೂ ಇರುತ್ತೆ. ದೊಡ್ಡ ಖರೀದಿ ಸೋಮವಾರ ಬೆಳಿಗ್ಗೆ. ಅಗಿಯಾ ಅನ್ನಾದಿಂದ ಹೋರಾಗೆ, ಅಂದರೆ ದ್ವೀಪದ ಮುಖ್ಯ ಊರಿಗೆ, ಬೇಸಿಗೆಯಲ್ಲಿ ಬಸ್ಸು ಆಗಾಗ ಇದೆ. ಬಂದರಿನ ಎದುರೇ ನಿಲ್ದಾಣ.

ಮುಂದಿನ ಗಂಡಾಂತರ ಆಗಸ್ಟ್ 15. ಯೇಸುವಿನ ತಾಯಿ ಮರಿಯಮ್ಮನ ದೊಡ್ಡ ಹಬ್ಬ, ಸರ್ಕಾರಿ ರಜೆ, ಅದೂ ಶನಿವಾರ. 16 ಮತ್ತೆ ಭಾನುವಾರ. 14ರ ಮಧ್ಯಾಹ್ನದೊಳಗೆ ಮೂರು ದಿನದ ಹಾಲು, ತರಕಾರಿ ಮನೆಯಲ್ಲಿರಲಿ. ಸಂಜೆ ಹೋದರೆ ಸಾಲು ಉದ್ದ, ತರಕಾರಿ ಬುಟ್ಟಿ ಖಾಲಿ. ಬಾಗಿಲ ಮೇಲಿನ ಚೀಟಿಯಲ್ಲಿ ‘ಕಿರಿಯಾಕಿ’ ಅಂದರೆ ಭಾನುವಾರ, ‘ಕ್ಲಿಸ್ತಾ’ ಅಂದರೆ ಮುಚ್ಚಿದೆ.

ತರಕಾರಿಗೆ ಚಿಂತೆಯೇ ಬೇಡ. ಸಿಕ್ಲಾಡಿಸ್ ದ್ವೀಪಗಳಲ್ಲಿ ಅತಿ ದೊಡ್ಡದು ನಾಕ್ಸೋಸ್, ಬೇಸಾಯದ ನೆಲ. ಅಲ್ಲಿನ ಆಲೂಗಡ್ಡೆ ಗ್ರೀಸಿಗೇ ಹೆಸರುವಾಸಿ, ಐರೋಪ್ಯ ಒಕ್ಕೂಟದ ಭೌಗೋಳಿಕ ಮಾನ್ಯತೆಯೂ ಇದೆ. ಪಲ್ಯಕ್ಕೆ ಪುಡಿಯಾಗದೆ ನಿಲ್ಲುತ್ತೆ. ಬದನೆ, ಟೊಮೆಟೊ ಹೇರಳ. ‘ಬಾಮಿಯೆಸ್’ ಬೆಂಡೆಕಾಯಿ, ನಮ್ಮದರ ಅರ್ಧ ಉದ್ದ. ‘ವ್ಲೀತಾ’ ಸಾಕ್ಷಾತ್ ದಂಟಿನ ಸೊಪ್ಪು, ‘ಗ್ಲಿಸ್ತ್ರಿದಾ’ ಗೋಣಿ ಸೊಪ್ಪು. ಫಾವಾ ಬೇಳೆ ಜೊತೆ ವ್ಲೀತಾ ಹಾಕಿ ಮಸ್ಸೊಪ್ಪು ಮಾಡಿ, ಊರು ನೆನಪಾಗದಿದ್ದರೆ ಕೇಳಿ. ಕೊತ್ತಂಬರಿ ಅಂದುಕೊಂಡು ತರುವುದು ಹತ್ತರಲ್ಲಿ ಒಂಬತ್ತು ಸಲ ‘ಮೈದಾನೊಸ್’, ಅಂದರೆ ಪಾರ್ಸ್ಲಿ. ಎಲೆ ಕಿವುಚಿ ಮೂಸಿ ನೋಡಿ.

ತರಕಾರಿಯನ್ನು ಕೆಲವು ಅಂಗಡಿಯಲ್ಲಿ ತರಕಾರಿ ವಿಭಾಗದಲ್ಲೇ ತೂಗಿಸಿ ಚೀಟಿ ಅಂಟಿಸಬೇಕು. ಅಂಟಿಸದೆ ಬಿಲ್ ಕೌಂಟರಿಗೆ ಹೋದರೆ ವಾಪಸ್ ಕಳಿಸುತ್ತಾರೆ, ಹಿಂದೆ ಸಾಲು ನಿಂತಿರುತ್ತೆ. ‘ಮಿಸೊ ಕಿಲೊ’ ಅರ್ಧ ಕಿಲೋ, ‘ತೆತಾರ್ತೊ’ ಕಾಲು ಕಿಲೋ. ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು, ಬಟ್ಟೆ ಚೀಲ ಒಯ್ಯಿರಿ. ಕುಡಿಯುವ ನೀರು 1.5 ಲೀಟರಿನ ಆರು ಬಾಟಲಿಯ ಕಟ್ಟು, ಒಂದು ಕಟ್ಟು ಒಂಬತ್ತು ಕಿಲೋ. ಬಸ್ಸಿನಲ್ಲಿ ಹೊರುವ ಬದಲು ಅದೊಂದನ್ನು ಮನೆ ಹತ್ತಿರವೇ ಕೊಳ್ಳಿ.

ಹಿತ್ತಲಗಿಡ:

ಎಲ್ಲರಿಗೂ ಧನ್ಯವಾದ. ಮೂರು ಲೀಟರಿನ ಅಲ್ಯೂಮಿನಿಯಂ ಕುಕ್ಕರ್ ಒಯ್ಯಲಾ?

ಉಪ್ಪುಸಾರು:

ಬಾಡಿಗೆ ಮನೆಯ ಮಾಲೀಕರನ್ನು ಒಲೆ ಯಾವುದು ಅಂತ ಕೇಳಿ. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಬಿಸಿಯೇ ಆಗಲ್ಲ. ಕಬ್ಬಿಣದ ತಟ್ಟೆ ಒಲೆಯಾದರೆ ನಡೆಯುತ್ತೆ, ಆದರೆ ತಳ ಸಪಾಟಾಗಿರಬೇಕು, ಉಬ್ಬಿದ್ದರೆ ಬೇಳೆ ಬೇಯಲು ಗಂಟೆ ಹಿಡಿಯುತ್ತೆ. ಕೊನೆಯ ಸೀಟಿಗೆ ಐದು ನಿಮಿಷ ಮೊದಲೇ ಸ್ವಿಚ್ ಆರಿಸಿ, ಉಳಿದ ಕಾವಿನಲ್ಲೇ ಆಗುತ್ತೆ. ಗ್ಯಾಸ್ಕೆಟ್ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ.