ಭಾವಾ, ಆ ಹಡಗು ಅದಲ್ಲ

ಭಾವಾ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದ್ದೆ. ಅಡಿಕೆ ಸುಲಿಯುವವರು ಬಂದಿದ್ದರು, ಈಗ ಪುರುಸೊತ್ತಾಯ್ತು. ಕಾರವಾರದ ಫೋಟೋ ಹಾಕಿದ್ದಕ್ಕೆ ನೀವು "ಕರಾಚಿಗೆ ಬೆಂಕಿ ಹಚ್ಚಿದ ಹಡಗು ಇದೇ ಅಲ್ವಾ" ಅಂತ ಕೇಳಿದ್ದಿರಿ. ಅಲ್ಲ. ನಾನೂ ಹಾಗೇ ಅಂದುಕೊಂಡು ಆಯಿಯ ಎದುರೇ ರಿಕ್ಷಾದವರ ಹತ್ತಿರ ಬೈಸಿಕೊಂಡೆ. 1971ರ ಪಾಕಿಸ್ತಾನದ ಯುದ್ಧದಲ್ಲಿ, ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಹೋದದ್ದು ನಿಪಾತ್, ನಿರ್ಘಾತ್, ವೀರ್ ಅನ್ನುವ ದೋಣಿಗಳು. ಫೋಟೋದಲ್ಲಿರುವ, ಕಾರವಾರದ ಟಾಗೋರ್ ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಚಪಲ್ ಕೂಡ ಅದೇ ಥರದ ರಷ್ಯಾದ ಕ್ಷಿಪಣಿ ದೋಣಿ, ಆದರೆ ನೌಕಾಪಡೆ ಸೇರಿದ್ದೇ 1976ರಲ್ಲಿ.

ಒಳಗಿನ ಮೆಟ್ಟಿಲು ನಮ್ಮ ಅಟ್ಟದ ಏಣಿಗಿಂತ ಕಡಿದು. ಆಯಿ ಕೆಳಗಿಳಿದವಳು ಸಮವಸ್ತ್ರ ಹಾಕಿದ ಗೊಂಬೆಗೆ "ಸ್ವಲ್ಪ ಸರಿಯಪ್ಪಾ" ಅಂದಳು. ಅದು ಸರಿಯಲಿಲ್ಲ. ಮಕ್ಕಳು ಇನ್ನೂ ನಗುತ್ತಿದ್ದಾರೆ.

ರಿಕ್ಷಾದವರು ಅಂದೆನಲ್ಲ, ಅವತ್ತು ಪೂರ್ತಿ ಅವರೇ ನಮ್ಮ ಗೈಡು. ಮೊದಲು ಮೀನುಗಾರಿಕೆಗೆ ಹೋಗುತ್ತಿದ್ದರಂತೆ. ಹಡಗಿಗಿಂತ ಅವರಿಗೆ ಮೇಜರ್ ರಾಮ ರಾಘೋಬಾ ರಾಣೆ ಪ್ರತಿಮೆಯ ಹತ್ತಿರವೇ ಮಾತು ಜಾಸ್ತಿ. ನಮ್ಮ ಚೆಂಡಿಯಾ ಕಡೆಯವರು ಅಂತ ಮೂರು ಸಲ ಹೇಳಿದರು. 1948ರ ಏಪ್ರಿಲ್, ಕಾಶ್ಮೀರದ ಯುದ್ಧ, ನೌಶೇರಾದಿಂದ ರಜೌರಿಗೆ ಹೋಗುವ ದಾರಿ. ನೆಲದ ತುಂಬಾ ಹೂತಿಟ್ಟ ಮೈನು, ಅಂದರೆ ನೆಲಬಾಂಬು. ರಾಣೆಯವರು ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಡುತ್ತಾ ದಾಟಿಸಿದರಂತೆ. ಇದನ್ನು ಹೇಳುವಾಗ ಇವರು ರಿಕ್ಷಾದ ಟಾರ್ಪಾಲಿನ ಹಗ್ಗ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಗ್ಗಿ ತೋರಿಸಿದರು. ಪರಮವೀರ ಚಕ್ರವನ್ನು ಬದುಕಿದ್ದೇ ಪಡೆದವರು ರಾಣೆ. ಇಷ್ಟು ವರ್ಷ ಶಿರಸಿಯಲ್ಲಿದ್ದೂ ನನಗೆ ಅವರ ಹೆಸರು ಬಿಟ್ಟರೆ ಏನೂ ಗೊತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಕಾಳಿ ನದಿ ದಾಟಿ ಸದಾಶಿವಗಡ. 2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ಬಿತ್ತಲ್ಲ, ಅದು ಗೊತ್ತಿದ್ದ ಆಯಿ ಹೊಸ ಸೇತುವೆ ದಾಟುವ ತನಕ ಕಣ್ಣು ಮುಚ್ಚಿ ಕೂತಿದ್ದಳು. ಅಲ್ಲಿ ದುರ್ಗಾದೇವಿ ಗುಡಿಯೂ ಇದೆ, ದರ್ಗಾವೂ ಇದೆ. ಕೋಟೆ ನಮ್ಮ ಸೋಂದೆ ಅರಸರದ್ದು. ಉಳಿದಿರುವುದು ಕಡಿಮೆ, ಬಿಸಿಲು ವಿಪರೀತ.

ಆದರೆ ಭಾವಾ, ಯುದ್ಧ ನಡೆದ ಜಾಗ ಬೇಕು ಅಂದರೆ ಅಂಜುದೀವ್. ಕಾರವಾರದ ಎದುರಿಗೇ ಇದ್ದರೂ ಗೋವಾಕ್ಕೆ ಸೇರಿದ ದ್ವೀಪ. ಗೋವಾವನ್ನು ಪೋರ್ಚುಗೀಸರಿಂದ ಬಿಡಿಸುವಾಗ, 1961ರ ಡಿಸೆಂಬರ್ 18ಕ್ಕೆ ತ್ರಿಶೂಲ್ ಹಡಗಿನಿಂದ ನಮ್ಮ ನಾವಿಕರು ಇಳಿದರು, ಹಿಂದೆ ಮೈಸೂರು ಹಡಗು ಕಾಯುತ್ತಿತ್ತು. ದ್ವೀಪದ ಮೇಲೆ ಬಿಳಿ ಬಾವುಟ ಕಾಣಿಸಿತ್ತಂತೆ, ಆಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ನಮ್ಮ ಏಳು ಜನ ನಾವಿಕರು ಸತ್ತರು. ಅಲ್ಲೊಂದು ಹಳೇ ಇಗರ್ಜಿ ಇದೆ. ಮೊದಲೆಲ್ಲ ಹಬ್ಬಕ್ಕೆ ದೋಣಿಯಲ್ಲಿ ಕ್ರಿಶ್ಚಿಯನ್ನರು ಹೋಗುತ್ತಿದ್ದರು. ಈಗ ದ್ವೀಪ ಕದಂಬ ನೌಕಾನೆಲೆಯ ಒಳಗೆ, ನಮ್ಮಂಥವರನ್ನು ಬಿಡುವುದಿಲ್ಲ. "ಅಲ್ಲಿದೆ ನೋಡಿ" ಅಂತ ಕೈ ತೋರಿಸಿ ರಿಕ್ಷಾದವರು ಬೀಡಿ ಹಚ್ಚಿದರು. ಆಯಿ ಅಲ್ಲಿಂದಲೇ ಕೈ ಮುಗಿದಳು. ಇಗರ್ಜಿಗೋ ಸತ್ತವರಿಗೋ, ನಾನು ಕೇಳಲಿಲ್ಲ.

ನೀವು ಬರುವುದಾದರೆ ಜನವರಿಗೆ ಬನ್ನಿ, ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆಗೆ ದೋಣಿ ಬಿಡುತ್ತಾರೆ. ರಿಕ್ಷಾದವರಿಗೆ ನಾನು ಹೇಳಿಡುತ್ತೇನೆ. ಅವರ ಎದುರು ಕರಾಚಿ ವಿಷಯ ಮಾತ್ರ ತೆಗೆಯಬೇಡಿ.