ನಿಲ್ಲಿಸಿದ ಕಾರಿನ ಮೇಲೆ ಓಣಿಯ ಬೆಕ್ಕುಗಳು: ಏನು ಮಾಡಬಹುದು?

ಸಪ್ತಾಪುರ ನಿವಾಸಿ:

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ನಮ್ಮದು ಹಳೆಯ ಮನೆ. ಬಾಗಿಲು ಹಾಕಿಕೊಳ್ಳುವಂಥ ಗ್ಯಾರೇಜ್ ಇಲ್ಲ. ಕಂಪೌಂಡಿನೊಳಗೆ ಮೂರು ಕಡೆ ತೆರೆದಿರುವ ತಗಡಿನ ಚಪ್ಪರವೊಂದಿದೆ, ಕಾರು ನಿಲ್ಲುವುದು ಅಲ್ಲಿಯೇ. ಇತ್ತೀಚೆಗೆ ಕಡುನೀಲಿ ಬಣ್ಣದ ಹೊಸ ಕಾರು ಕೊಂಡಿದ್ದೇವೆ. ಸಂಜೆ ನಾನು ಹುಬ್ಬಳ್ಳಿಯಿಂದ ಬಂದು ಕಾರು ನಿಲ್ಲಿಸಿ ಕೈಕಾಲು ತೊಳೆದುಕೊಳ್ಳುವಷ್ಟರಲ್ಲಿ ಓಣಿಯ ಬೆಕ್ಕುಗಳಲ್ಲಿ ಒಂದಾದರೂ ಬಾನೆಟ್ ಏರಿ ಕುಳಿತಿರುತ್ತದೆ. ಬೆಳಿಗ್ಗೆ ನೋಡಿದರೆ ಬಾನೆಟ್ಟಿನಿಂದ ಮುಂದಿನ ಗಾಜಿನ ಮೇಲೆ ಹಾಯ್ದು ಛಾವಣಿಯವರೆಗೆ ಕೆಸರಿನ ಹೆಜ್ಜೆಗಳು, ವೈಪರಿನ ಬುಡದಲ್ಲಿ ಉಂಡೆಗಟ್ಟಿದ ಕೂದಲು. ದಿನಾಲೂ ಒಣಬಟ್ಟೆಯಿಂದ ಒರೆಸಿಯೇ ಕಾರು ಹೊರತೆಗೆಯುತ್ತೇನೆ. ಆದರೂ ಎಳೆಬಿಸಿಲಿನಲ್ಲಿ ಓರೆಯಾಗಿ ನೋಡಿದಾಗ ಸಣ್ಣ ಸಣ್ಣ ಗೀರುಗಳು ಎದ್ದು ಕಾಣುತ್ತಿವೆ.

ಪರಿಚಯದವರು ಒಬ್ಬೊಬ್ಬರು ಒಂದೊಂದು ಉಪಾಯ ಹೇಳುತ್ತಿದ್ದಾರೆ: ಟೈರಿನ ಬಳಿ ಡಾಂಬರ ಗುಳಿಗೆ ಇಡುವುದು, ಖಾರದ ಪುಡಿ ಉದುರಿಸುವುದು, ಕಿತ್ತಳೆ ಸಿಪ್ಪೆ ಹಾಕುವುದು, ಗೇಟಿಗೆ ಬಣ್ಣದ ನೀರಿನ ಬಾಟಲಿ ಕಟ್ಟುವುದು, ಮನುಷ್ಯರಿಗೆ ಕೇಳಿಸದ ಶಬ್ದ ಹೊರಡಿಸುವ ಯಂತ್ರ ತರುವುದು. ಇವುಗಳಲ್ಲಿ ನಿಜಕ್ಕೂ ಕೆಲಸ ಮಾಡುವಂಥದ್ದು ಯಾವುದು ಎಂಬುದು ನನ್ನ ಪ್ರಶ್ನೆ. ಬೆಕ್ಕುಗಳಿಗೆ ಅಪಾಯವಾಗಬಾರದು ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ನಮ್ಮ ತಾಯಿಯವರ ಎದುರು ಬೆಕ್ಕಿನ ಮೇಲೆ ಕೋಲೆತ್ತುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಗೋಕುಲ ರಸ್ತೆಯ ಪೇಂಟರ್:

ಬೆಕ್ಕಿನ ಸ್ವಭಾವವನ್ನು ತಿಳಿದವರು ಹೇಳಲಿ. ನಾನು ಕಾರುಗಳ ಬಣ್ಣದ ಕೆಲಸ ಮಾಡುವವನಾದ್ದರಿಂದ ಗೀರುಗಳ ವಿಚಾರವನ್ನಷ್ಟೇ ಬರೆಯುತ್ತೇನೆ.

ಬೆಕ್ಕು ನಡೆಯುವಾಗಲೂ ಮಲಗಿದಾಗಲೂ ಉಗುರನ್ನು ಒಳಕ್ಕೆಳೆದುಕೊಂಡೇ ಇರುತ್ತದೆ. ಅದು ಹೊರಬರುವುದು ನೆಗೆಯುವಾಗ, ಜಾರುವಾಗ ಅಥವಾ ಯಾರಾದರೂ ಗದರಿಸಿದ್ದಕ್ಕೆ ಗಾಬರಿಯಿಂದ ಓಡುವಾಗ. ಆದ್ದರಿಂದ ಉಗುರಿನ ಗೀರುಗಳು ಬಾನೆಟ್ಟಿನ ಅಂಚಿನಲ್ಲಿ, ಗಾಜಿನ ಪಕ್ಕದ ಕಂಬದ ಮೇಲೆ, ಕನ್ನಡಿಯ ಹತ್ತಿರ, ಒಂದರ ಪಕ್ಕ ಒಂದರಂತೆ ಗಿಡ್ಡ ಗೆರೆಗಳಾಗಿ ಕಾಣುತ್ತವೆ. ಅದರ ಬದಲು ಬಾನೆಟ್ಟಿನ ನಡುವೆ ಜೇಡರ ಬಲೆಯ ಹಾಗೆ ದುಂಡದುಂಡಗೆ ಹರಡಿಕೊಂಡ ಗೀರುಗಳಿದ್ದರೆ ಅವು ಬೆಕ್ಕಿನವಲ್ಲ, ಒಣಬಟ್ಟೆಯವು. ಹೆಜ್ಜೆಯ ಗುರುತಿನಲ್ಲಿರುವ ಮಣ್ಣಿನಲ್ಲಿ ಮರಳಿನ ಕಣಗಳಿರುತ್ತವೆ. ಅವನ್ನು ನೆನೆಸದೆ ಉಜ್ಜಿದರೆ ಬಣ್ಣಕ್ಕೆ ಉಪ್ಪುಕಾಗದ ಹಾಕಿ ತಿಕ್ಕಿದಂತೆಯೇ ಸರಿ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪವಿರುತ್ತದೆ, ತಲೆಗೂದಲಿಗಿಂತ ತೆಳುವು. ಕಡು ಬಣ್ಣದ ಕಾರಿನಲ್ಲಿ ಅದರ ಮೇಲಿನ ಪ್ರತಿ ಗೆರೆಯೂ ಎದ್ದು ಕಾಣುತ್ತದೆ. ಬಿಳಿ ಕಾರಿನವರಿಗೆ ಈ ತಲೆನೋವು ತಿಳಿಯುವುದೇ ಇಲ್ಲ.

ಮೊದಲು ಹೆಜ್ಜೆಗಳ ಮೇಲೆ ನೀರು ಹನಿಸಿ ಮಣ್ಣು ಸಡಿಲಗೊಳ್ಳಲು ಬಿಡಿ. ಮೇಲಿನಿಂದ ಒಂದು ತಂಬಿಗೆ ನೀರು ಹರಿಸಿದ ನಂತರ, ಕಾರಿನ ಶ್ಯಾಂಪೂ ಬೆರೆಸಿದ ನೀರಿನಲ್ಲಿ ಅದ್ದಿದ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತದೆ ಒರೆಸಿ. ಗೀರಿನ ಮೇಲೆ ಉಗುರಾಡಿಸಿದಾಗ ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶ್‌ನಿಂದ ಹೋಗುತ್ತದೆ; ಸಿಕ್ಕಿಕೊಂಡರೆ ಅದು ಆಳವಾಗಿದೆ. ಪಾಲಿಶ್ ಮಾಡಿದಷ್ಟು ಸಲವೂ ಕ್ಲಿಯರ್ ಕೋಟ್ ಸವೆಯುತ್ತದೆಯಾದ್ದರಿಂದ ಅದನ್ನು ಹಬ್ಬಕ್ಕೊಮ್ಮೆ ಮಾಡಿಸುವ ಅಭ್ಯಾಸ ಬೇಡ. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ತೊಳೆಯುವುದು ಸುಲಭವಾಗುತ್ತದೆ, ಉಗುರನ್ನು ಮಾತ್ರ ಅದು ತಡೆಯದು. ತಡೆಯುವಂಥದ್ದು 150ರಿಂದ 200 ಮೈಕ್ರಾನ್ ದಪ್ಪದ ಪಿಪಿಎಫ್, ಅಂದರೆ ಬಣ್ಣದ ರಕ್ಷಣೆಗೆ ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಇಡೀ ಕಾರಿಗೆ ದುಬಾರಿಯೆನಿಸಿದರೆ ಬಾನೆಟ್ಟಿಗೊಂದಕ್ಕೇ ಹಾಕಿಸಬಹುದು.

ಒಳಗೆ ಮೆತ್ತನೆಯ ಹತ್ತಿಯ ಪದರವಿರುವ ಕವರ್ ಹಾಕಿದರೆ ಮುಕ್ಕಾಲು ಪಾಲು ಸಮಸ್ಯೆ ತೀರುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೆಟಗೇರಿಯವನು:

ಕವರ್ ವಿಚಾರದಲ್ಲಿ ಪೇಂಟರ್ ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಗದಗಿನ ಗಾಳಿ ಎಂಥದ್ದೆಂಬುದಕ್ಕೆ ಕಪ್ಪತಗುಡ್ಡದ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಸಾಕ್ಷಿ. ಆ ಗಾಳಿಗೆ ಕವರ್ ರಾತ್ರಿಯಿಡೀ ಪಟಪಟನೆ ಬಡಿದುಕೊಳ್ಳುತ್ತಿದ್ದರೆ ಒಳಗೆ ಸೇರಿದ ಎರೆಮಣ್ಣಿನ ಧೂಳು ತಾನೇ ಬಣ್ಣವನ್ನು ಉಜ್ಜುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತೊಂದರೆ ಬೇರೆ: ನೆನೆದ ಕವರ್ ದಿನಗಟ್ಟಲೆ ಒಣಗದೆ ಒಳಗೆ ತೇವ ನಿಲ್ಲುತ್ತದೆ. ಬೆಕ್ಕಿಗಂತೂ ಕವರ್ ಹಾಕಿದ ಕಾರೆಂದರೆ ಹಾಸಿಗೆ ಹಾಸಿಟ್ಟಂತೆ. ಹಾಕುವುದೇ ಆದರೆ ತೊಳೆದು ಒಣಗಿದ ಕಾರಿಗೆ ಹಾಕಬೇಕು, ಅಡಿಯಿಂದ ಪಟ್ಟಿ ಬಿಗಿಯಬೇಕು, ತಿಂಗಳಿಗೊಮ್ಮೆಯಾದರೂ ಕವರನ್ನೂ ಒಗೆಯಬೇಕು. ಇಷ್ಟು ಮಾಡುವವರನ್ನು ನಮ್ಮ ಓಣಿಯಲ್ಲಂತೂ ನಾನು ಕಂಡಿಲ್ಲ.

ಇನ್ನೊಂದು ಮಾತು. ನಮ್ಮ ಮನೆ ಕಾಳಿನ ಗೋದಾಮುಗಳಿಗೆ ಹತ್ತಿರವಿದೆ. ಬೆಕ್ಕುಗಳಿಲ್ಲದ ಓಣಿಯಲ್ಲಿ ಕಾರಿನೊಳಗೆ ಸೇರುವುದು ಇಲಿ. ಬಾನೆಟ್ ಮೇಲಿನ ಹೆಜ್ಜೆಗುರುತು ನೀರಿಗೆ ಹೋಗುತ್ತದೆ. ಇಲಿ ವೈರಿಂಗ್ ಕಡಿದರೆ ಬೆಳಿಗ್ಗೆ ಕಾರು ಶುರುವಾಗುವುದೇ ಇಲ್ಲ. ಬೆಕ್ಕುಗಳನ್ನು ಕಾರಿನಿಂದ ಇಳಿಸಿರಿ, ಓಣಿಯಿಂದ ಓಡಿಸಬೇಡಿರಿ.

ಕೇಶ್ವಾಪುರದ ಪಶುವೈದ್ಯೆ:

ಬೆಟಗೇರಿಯವರ ಕೊನೆಯ ವಾಕ್ಯ ನನಗೂ ಒಪ್ಪಿಗೆ. ಬೆಕ್ಕುಗಳನ್ನು ಹಿಡಿದು ಬೇರೆಡೆ ಬಿಟ್ಟು ಬಂದರೆ ತೆರವಾದ ಜಾಗಕ್ಕೆ ಪಕ್ಕದ ಓಣಿಯ ಬೆಕ್ಕುಗಳು ಬರುತ್ತವೆ, ಅವು ನಿಮಗೆ ಇನ್ನೂ ಅಪರಿಚಿತ.

ಬೆಕ್ಕು ಕಾರನ್ನೇ ಏಕೆ ಆರಿಸಿಕೊಳ್ಳುತ್ತದೆ ಎಂಬುದನ್ನು ಮೊದಲು ನೋಡೋಣ. ಸಾಕುಬೆಕ್ಕಿನ ಪೂರ್ವಜರು ಪಶ್ಚಿಮ ಏಷ್ಯಾದ ಒಣಪ್ರದೇಶದ ಕಾಡುಬೆಕ್ಕುಗಳು. ಮೈಯ ಬಿಸಿ ಕಾಯ್ದುಕೊಳ್ಳಲು ಹೆಚ್ಚಿನ ಶ್ರಮವಿಲ್ಲದೆ ಬೆಕ್ಕು ಹಾಯಾಗಿರುವುದು ಸುಮಾರು 30ರಿಂದ 38 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಹೀಗಿರುವಾಗ ಮಾಗಿಯ ಚಳಿಯಲ್ಲಾಗಲಿ ಮಳೆಗಾಲದ ತಂಪಿನಲ್ಲಾಗಲಿ ಹುಬ್ಬಳ್ಳಿಯಿಂದ ಈಗಷ್ಟೇ ಓಡಿಬಂದ ಕಾರಿನ ಬಾನೆಟ್ ಅದಕ್ಕೆ ಸಿಕ್ಕ ಅತ್ಯುತ್ತಮ ಜಾಗ. ಬಿಸಿಯಾಗಿದೆ, ಒಣಗಿದೆ, ನಾಯಿಯ ಬಾಯಿಗೆ ಸಿಗದಷ್ಟು ಎತ್ತರದಲ್ಲಿದೆ, ಅಲ್ಲಿಂದ ಗೇಟೂ ಕಾಣುತ್ತದೆ. ಈ ನಾಲ್ಕೂ ಬೇರೆ ಕಡೆ ಸಿಕ್ಕರೆ ಅದಕ್ಕೆ ನಿಮ್ಮ ಕಾರಿನ ಹಂಗಿಲ್ಲ.

ಆದ್ದರಿಂದ ಚಪ್ಪರದ ಆಚೆ, ಗೋಡೆಗೆ ತಾಗಿದಂತೆ ಮೂರ್ನಾಲ್ಕು ಅಡಿ ಎತ್ತರದಲ್ಲಿ ಕಟ್ಟಿಗೆಯ ಪೆಟ್ಟಿಗೆಯೊಂದನ್ನು ಬಾಯಿ ಪಕ್ಕಕ್ಕೆ ಬರುವಂತೆ ಇಡಿ. ಸಂಜೆಯ ಬಿಸಿಲಿಗೆ ಕಾಯುವ ಗೋಡೆಯಾದರೆ ಇನ್ನೂ ಒಳ್ಳೆಯದು. ಮಳೆ ಒಳಗೆ ಎರಚಬಾರದು. ಕೆಳಗೆ ಗೋಣಿಚೀಲ, ಅದರ ಮೇಲೆ ಹರಿದ ಕೌದಿಯ ತುಂಡು ಸಾಕು. ಕಾರಿನ ಮೇಲೆ ಸಿಕ್ಕ ಕೂದಲನ್ನು ಒಂದು ಬಟ್ಟೆಯಿಂದ ಎತ್ತಿಕೊಂಡು ಆ ಬಟ್ಟೆಯನ್ನೇ ಪೆಟ್ಟಿಗೆಯಲ್ಲಿ ಹಾಸಿ, ಏಕೆಂದರೆ ತನ್ನ ವಾಸನೆಯಿರುವ ಜಾಗವನ್ನು ಬೆಕ್ಕು ಬೇಗ ನಂಬುತ್ತದೆ. ಜೊತೆಗೆ ಕಾರಿನ ಪಕ್ಕದಲ್ಲಿ ಮೆಟ್ಟಿಲಿನಂತೆ ಒದಗುವ ನೀರಿನ ಡ್ರಮ್ಮು, ಸ್ಕೂಟರು, ಪೇರಿಸಿಟ್ಟ ಹೆಂಚುಗಳಿದ್ದರೆ ಸರಿಸಿ. ಬಾನೆಟ್ ಬಿಸಿಯಿರುವ ಮೊದಲ ಒಂದೆರಡು ಗಂಟೆಗಳಲ್ಲಿ ಮಾತ್ರ, ತೊಳೆದ ದಪ್ಪ ಚಾದರ ಹೊದಿಸಿ ಅದರ ಮೇಲೆ ಮುದ್ದೆ ಮಾಡಿ ಬಿಡಿಸಿದ ಅಲ್ಯೂಮಿನಿಯಂ ಹಾಳೆ ಹರಡಿದರೆ, ಕಾಲಡಿ ಸರಸರ ಎನ್ನುವುದು ಇಷ್ಟವಾಗದೆ ಹಲವು ಬೆಕ್ಕುಗಳು ಇಳಿದುಹೋಗುತ್ತವೆ. ಎಲ್ಲವೂ ಹೋಗುತ್ತವೆಂದು ಮಾತು ಕೊಡಲಾರೆ.

ಇನ್ನು ತಾವು ಕೇಳಿದ ಉಪಾಯಗಳು. ಡಾಂಬರ ಗುಳಿಗೆಯಲ್ಲಿರುವ ನ್ಯಾಫ್ತಲಿನ್ ಬೆಕ್ಕಿಗೆ ವಿಷ, ಅಂಗಳದಲ್ಲಿ ಆಡುವ ಮಕ್ಕಳಿಗೂ ವಿಷ. ಅದು ಬೇಡವೇ ಬೇಡ. ಫಿನಾಯಿಲ್ ಕೂಡ ಬೇಡ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ, ಅದರಲ್ಲೂ ಪಾದಕ್ಕೆ ಮೆತ್ತಿದ್ದನ್ನೆಲ್ಲ ಅದು ನೆಕ್ಕಿಯೇ ಶುಚಿ ಮಾಡಿಕೊಳ್ಳುತ್ತದೆ. ನೀಲಗಿರಿ ಎಣ್ಣೆಗೂ ಇದೇ ಮಾತು. ಕಿತ್ತಳೆ ಸಿಪ್ಪೆಯ ವಾಸನೆ ಬಹಳಷ್ಟು ಬೆಕ್ಕುಗಳಿಗೆ ಸೇರುವುದಿಲ್ಲವಾದರೂ ಸಿಪ್ಪೆ ಒಣಗಿದೊಡನೆ ಅದರ ಕೆಲಸ ಮುಗಿಯಿತು. ಇಡುವುದಿದ್ದರೆ ನೆಲದ ಮೇಲಿಡಿ, ಬಣ್ಣದ ಮೇಲಲ್ಲ. ಬಣ್ಣದ ನೀರಿನ ಬಾಟಲಿ ನಮ್ಮೂರಿನ ಅರ್ಧದಷ್ಟು ಗೇಟುಗಳಲ್ಲಿ ನೇತಾಡುತ್ತಿದೆ, ಅದರ ಪಕ್ಕದಲ್ಲೇ ನಾಯಿ ಬೆಕ್ಕುಗಳು ನಿದ್ದೆ ಮಾಡುತ್ತಿವೆ.

ಶಬ್ದದ ಯಂತ್ರದ ಹಿಂದೆ ನಿಜವಾದ ತತ್ತ್ವವಿದೆ. ಮನುಷ್ಯರ ಕಿವಿ ಸುಮಾರು 20 ಕಿಲೋಹರ್ಟ್ಸ್‌ವರೆಗೆ ಕೇಳಿದರೆ ಬೆಕ್ಕಿನ ಕಿವಿ 60ನ್ನೂ ದಾಟಿ ಕೇಳುತ್ತದೆ. ಆದರೆ ಆ ಶಬ್ದ ಗೋಡೆ, ಗಿಡಗಳನ್ನು ದಾಟಿ ಹೋಗದು, ದಿನ ಕಳೆದಂತೆ ಬೆಕ್ಕು ಅದಕ್ಕೆ ಒಗ್ಗಿಕೊಳ್ಳುವುದೂ ಉಂಟು, ಪಕ್ಕದ ಮನೆಯ ನಾಯಿಗೆ ಸುಮ್ಮನೆ ಕಿರಿಕಿರಿ. ಬೆಕ್ಕು ಬಂದೊಡನೆ ತಾನೇ ನೀರು ಚಿಮ್ಮುವ ಯಂತ್ರ ಇದಕ್ಕಿಂತ ಪರಿಣಾಮಕಾರಿ. ಆದರೆ ನಳದ ನೀರಿಗಾಗಿ ದಿನ ಎಣಿಸುವ ಅವಳಿನಗರದಲ್ಲಿ ಬೆಕ್ಕಿಗೆ ನೀರು ಚಿಮ್ಮಿಸಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಕಾರಿನ ಕೂಲಂಟ್ ಸೋರುತ್ತಿದೆಯೇ ಎಂಬುದನ್ನೂ ಪರೀಕ್ಷಿಸಿ. ಅದರಲ್ಲಿ ಎಥಿಲೀನ್ ಗ್ಲೈಕಾಲ್ ಇದ್ದರೆ ಒಂದೆರಡು ಚಹದ ಚಮಚದಷ್ಟು ನೆಕ್ಕಿದ ಬೆಕ್ಕು ಮೂತ್ರಪಿಂಡ ಕೆಟ್ಟು ಸಾಯಬಹುದು. ಇಲಿಪಾಷಾಣ ಇಡುವ ಆಲೋಚನೆ ಓಣಿಯಲ್ಲಿ ಯಾರಿಗಾದರೂ ಇದ್ದರೆ, ಬೆಕ್ಕಿಗೆ ಬೇಕೆಂದೇ ವಿಷ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಸಜೆಯಾಗಬಹುದಾದ ಅಪರಾಧ ಎಂಬುದನ್ನು ಅವರಿಗೆ ತಿಳಿಸಿ.

ಹಾವೇರಿ ಓದುಗ:

ಖಾರದ ಪುಡಿಯ ಬಗ್ಗೆ ವೈದ್ಯರು ಬರೆಯುವುದು ಉಳಿದಿದೆ. ಬ್ಯಾಡಗಿಯ ಪಕ್ಕದವನಾದ ನಾನು ಅದನ್ನು ಪೂರ್ತಿ ಮಾಡುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಬಣ್ಣಕ್ಕೆ, ಖಾರ ಅದರಲ್ಲಿ ಕಡಿಮೆ. ಅದನ್ನು ಉದುರಿಸಿದರೆ ಬೆಕ್ಕು ಹೆದರುವ ಮೊದಲು ನಿಮ್ಮ ಫರಸಿಗಳು ಕೆಂಪಾಗುತ್ತವೆ. ಖಾರ ಹೆಚ್ಚಿರುವ ತಳಿಯ ಪುಡಿಯಾದರೆ ಪಾದದಿಂದ ಬೆಕ್ಕಿನ ಕಣ್ಣಿಗೆ ಹೋಗುತ್ತದೆ, ಗಾಳಿ ಬೀಸಿದರೆ ನಿಮ್ಮ ಕಣ್ಣಿಗೂ. ಅಡುಗೆಮನೆಯ ವಸ್ತು ಅಡುಗೆಮನೆಯಲ್ಲೇ ಇರಲಿ.

ಸಪ್ತಾಪುರ ನಿವಾಸಿ:

ಎಲ್ಲರಿಗೂ ಧನ್ಯವಾದಗಳು. ಪೇಂಟರ್ ಅವರು ಹೇಳಿದಂತೆ ನೋಡಿದಾಗ ಬಾನೆಟ್ಟಿನ ನಡುವಿನ ಗೀರುಗಳೆಲ್ಲ ದುಂಡಗಿನವೇ. ಸಾಲುಗೆರೆಗಳಿರುವುದು ಎಡಗಡೆಯ ಅಂಚಿನಲ್ಲಿ ಮಾತ್ರ, ಅಲ್ಲಿಯೇ ನಮ್ಮ ನೀರಿನ ಡ್ರಮ್ಮಿದೆ. ಪೆಟ್ಟಿಗೆಯ ವ್ಯವಸ್ಥೆ ಈ ವಾರವೇ ಆಗುತ್ತದೆ, ಕೌದಿಯನ್ನು ತಾಯಿಯವರು ಆಗಲೇ ತೆಗೆದಿಟ್ಟಿದ್ದಾರೆ.

ಎರಡು ಸಂದೇಹಗಳು ಉಳಿದಿವೆ. ದಪ್ಪ ತಲೆಯ ಗಂಡುಬೆಕ್ಕೊಂದು ಹಿಂದಿನ ಟೈರಿಗೆ ಬಾಲವೆತ್ತಿ ಮೂತ್ರ ಸಿಡಿಸಿ ಹೋಗುತ್ತದೆ, ಎಷ್ಟು ತೊಳೆದರೂ ಆ ನಾತ ಹೋಗುವುದಿಲ್ಲ. ಎರಡನೆಯದಾಗಿ, ಪಕ್ಕದ ಮನೆಯ ಹಿರಿಯರು ನಮ್ಮ ಗೇಟಿನ ಬಳಿಯೇ ಬೆಕ್ಕುಗಳಿಗೆ ಹಾಲನ್ನ ಹಾಕುತ್ತಾರೆ. ಅವರಿಗೆ ಹೇಳುವುದು ಹೇಗೆ? ಇಲ್ಲಿ ಬೆಕ್ಕಿಗೆ ಗಂಟೆ ಕಟ್ಟುವುದಕ್ಕಿಂತ ಇದೇ ಕಷ್ಟ.

ಕೇಶ್ವಾಪುರದ ಪಶುವೈದ್ಯೆ:

ಟೈರಿಗೆ ಸಿಡಿಸುವುದು ತನ್ನ ಗಡಿಯನ್ನು ಗುರುತಿಸುವ ಕ್ರಮ. ಮೂತ್ರದಲ್ಲಿರುವ ಯೂರಿಕ್ ಆಮ್ಲದ ಹರಳುಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಹಾಗಾಗಿ ತೊಳೆದರೂ ತೇವ ತಗುಲಿದಾಗಲೆಲ್ಲ ವಾಸನೆ ಮತ್ತೆ ಏಳುತ್ತದೆ. ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಸಿಗುವ ಎನ್‌ಜೈಮ್ ಆಧಾರಿತ ಕ್ಲೀನರ್ ಹಚ್ಚಿ, ಅದರ ಮೇಲೆ ಬರೆದಿರುವಷ್ಟು ಹೊತ್ತು ಬಿಟ್ಟು ತೊಳೆಯಿರಿ. ಅಮೋನಿಯಾ ಇರುವ ಕ್ಲೀನರ್ ಬಳಸಬಾರದು. ಅದರ ವಾಸನೆ ಮೂತ್ರದಂತೆಯೇ ಇರುವುದರಿಂದ ಆ ಗಂಡುಬೆಕ್ಕು ತನ್ನ ಗುರುತನ್ನು ಇನ್ನಷ್ಟು ಬಲಪಡಿಸಲು ಬರುತ್ತದೆ. ಶಾಶ್ವತ ಪರಿಹಾರವೆಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ. ಅದನ್ನು ಮಾಡಿಸಿದ ಹತ್ತು ಗಂಡುಬೆಕ್ಕುಗಳಲ್ಲಿ ಸುಮಾರು ಒಂಬತ್ತರಲ್ಲಿ ಈ ಚಾಳಿ ನಿಲ್ಲುತ್ತದೆ ಅಥವಾ ಬಹಳ ತಗ್ಗುತ್ತದೆ. ಹೆಣ್ಣುಬೆಕ್ಕುಗಳಿಗೆ ಮಾಡಿಸುವುದು ಇನ್ನೂ ಜರೂರು, ಏಕೆಂದರೆ ಅವುಗಳ ಗರ್ಭಾವಧಿ ಎರಡು ತಿಂಗಳು ಚಿಲ್ಲರೆ ಮಾತ್ರ, ಮರಿಗಳು ಐದಾರು ತಿಂಗಳಿಗೇ ತಾವೂ ಗರ್ಭ ಧರಿಸಬಲ್ಲವು.

ಆ ಹಿರಿಯರಿಗೆ ಅನ್ನ ಹಾಕಬೇಡಿ ಎಂದು ಹೇಳಲು ಹೋಗಬೇಡಿ. ಅವರು ನಿಲ್ಲಿಸುವುದಿಲ್ಲ, ನಿಮ್ಮ ನಡುವೆ ಮಾತು ಮಾತ್ರ ನಿಲ್ಲುತ್ತದೆ. ಹೊತ್ತು ಗೊತ್ತು ಮಾಡಿಕೊಂಡು ಪೆಟ್ಟಿಗೆಯ ಹತ್ತಿರವೇ ಹಾಕಲು ಕೇಳಿಕೊಳ್ಳಿ. ತಾವು ಕಾರು ತರುವ ಸಮಯಕ್ಕೇ ಆದರೆ ಬೆಕ್ಕುಗಳೆಲ್ಲ ಅತ್ತ ಸೇರಿರುತ್ತವೆ. ಉಳಿದ ಅನ್ನವನ್ನು ಕೂಡಲೇ ಎತ್ತಿಬಿಟ್ಟರೆ ಇಲಿಗಳೂ ಬರುವುದಿಲ್ಲ. ಬೆಕ್ಕುಗಳು ನಂಬುವುದು ಅವರನ್ನೇ ಆದ್ದರಿಂದ ಶಸ್ತ್ರಚಿಕಿತ್ಸೆಗೆ ಹಿಡಿಯುವಾಗಲೂ ಅವರ ಸಹಾಯವೇ ಬೇಕಾಗುತ್ತದೆ. ಖರ್ಚನ್ನು ಓಣಿಯವರು ಹಂಚಿಕೊಳ್ಳುವುದು ಮೇಲು.

ಗೋಕುಲ ರಸ್ತೆಯ ಪೇಂಟರ್:

ಒಂದು ವಿಷಯ ಬಿಟ್ಟುಹೋಗಿತ್ತು. ಚಳಿಗಾಲದಲ್ಲಿ ಬೆಕ್ಕಿನ ಮರಿಗಳು ಕೆಳಗಿನಿಂದ ಎಂಜಿನ್ ಇರುವ ಜಾಗಕ್ಕೇ ಏರಿ ಮಲಗುತ್ತವೆ. ಕಾರು ಶುರುಮಾಡಿದರೆ ಬೆಲ್ಟಿಗೋ ಫ್ಯಾನಿಗೋ ಸಿಕ್ಕುತ್ತವೆ. ಬೆಳಿಗ್ಗೆ ಹೊರಡುವ ಮುಂಚೆ ಬಾನೆಟ್ ಮೇಲೆ ಅಂಗೈಯಿಂದ ಒಂದೆರಡು ಸಲ ಜೋರಾಗಿ ಬಡಿಯಿರಿ, ಚಕ್ರಗಳ ಮೇಲ್ಭಾಗದಲ್ಲಿ ಬಗ್ಗಿ ನೋಡಿ, ಅರೆಗಳಿಗೆ ತಡೆದು ಶುರುಮಾಡಿ. ಒಳಗಿನಿಂದ ಕೂಗು ಕೇಳಿಸಿದರೆ ಬಾನೆಟ್ ತೆರೆದಿಟ್ಟು ದೂರ ಸರಿಯಿರಿ, ಬಹಳಷ್ಟು ಸಲ ತಾನೇ ಇಳಿದುಬರುತ್ತದೆ. ಬಾರದಿದ್ದರೆ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ. ಎಂಜಿನ್ ಕೆಳಗಿನ ತಟ್ಟೆಯನ್ನು ಬಿಚ್ಚಬೇಕಾಗುತ್ತದೆ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.